ನೆರಳಿಗೆ ಅಂಜುವ ದುಂಬಿ

ಕಾಫಿಯ ವಿಷಯ ಬಂದರೆ ನಮ್ಮವರ ಮಾತಿಗೆ ಕೊನೆಯೇ ಇಲ್ಲ. ಡಿಕಾಕ್ಷನ್ ಎಷ್ಟು ಗಟ್ಟಿಯಿರಬೇಕು, ಚಿಕೋರಿ ಬೆರೆಸಬೇಕೋ ಬೇಡವೋ, ಪೀಬರಿಯ ರುಚಿ ಹೆಚ್ಚೋ ಎ ಗ್ರೇಡಿನದೋ? ಇಷ್ಟೆಲ್ಲ ಮಾತಾಡುವವರಿಗೂ ಆ ಗಿಡದ ಕಾಂಡದೊಳಗೆ ತಿಂಗಳುಗಟ್ಟಲೆ ಕೂತು ತಿನ್ನುವ ಹುಳದ ಪರಿಚಯ ಇರುವುದಿಲ್ಲ. ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಕಡೆ ‘ಬೋರರ್’ ಎಂದು ನೋಡಿ, ಬೆಳೆಗಾರರ ಮುಖ ಸಪ್ಪಗಾಗುತ್ತದೆ.

ಪುಸ್ತಕದಲ್ಲಿ ಇದು ಬಿಳಿ ಕಾಂಡಕೊರಕ, ವಿಜ್ಞಾನಿಗಳಿಗೆ ಕ್ಸೈಲೋಟ್ರೆಕಸ್ ಕ್ವಾಡ್ರಿಪೆಸ್. ಉದ್ದ ಮೀಸೆಯ ದುಂಬಿಗಳ ಕುಟುಂಬದ್ದು. ಜಗತ್ತಿನಲ್ಲಿ ಈ ಕುಟುಂಬದ 30,000ಕ್ಕೂ ಹೆಚ್ಚು ಜಾತಿಗಳಿವೆ. ಅವುಗಳಲ್ಲಿ ಎಷ್ಟೋ ದುಂಬಿಗಳ ಮರಿಗಳು ಸತ್ತ ಮರ, ಬಿದ್ದ ಕೊಂಬೆ ತಿಂದು ಅದನ್ನು ಕಾಡಿನ ಮಣ್ಣಿಗೆ ಸೇರಿಸುತ್ತವೆ. ಅವಿಲ್ಲದಿದ್ದರೆ ಕಾಡಿನಲ್ಲಿ ಬಿದ್ದ ಮರ ಮಣ್ಣಾಗುವುದು ನಿಧಾನವಾಗುತ್ತಿತ್ತು. ಹಾಗಾಗಿ ಒಂದು ಬೋರರ್ ಮಾಡುವ ಅನಾಹುತಕ್ಕೆ ಇಡೀ ಕುಲವನ್ನು ಬೈಯುವುದು ನ್ಯಾಯವಲ್ಲ.

ನಮ್ಮ ಬೋರರ್ ಸುಮಾರು ಒಂದೂವರೆ ಸೆಂಟಿಮೀಟರಿನ ಸಪೂರ ದುಂಬಿ. ಕಪ್ಪು ಮೈ, ಅದರ ಮೇಲೆ ಬೂದುಬಿಳಿ ಪಟ್ಟೆ. ಮೀಸೆ ಮಾತ್ರ ಕುಟುಂಬದ ಉಳಿದವರಷ್ಟು ಉದ್ದವಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇನ್ನೊಮ್ಮೆ ಹೊರಬಂದು, ಬಿಸಿಲು ಬಿದ್ದ ಕಾಂಡದ ಮೇಲೆ ಸರಸರನೆ ಓಡಾಡುತ್ತದೆ. ಹೆಣ್ಣು ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳ ಮೊದಲು ತೊಗಟೆಯಡಿ ತಿಂದು, ಆಮೇಲೆ ಕಟ್ಟಿಗೆಯೊಳಕ್ಕೆ ಇಳಿಯುತ್ತದೆ. ಕೊರೆದ ಪುಡಿಯನ್ನು ಹೊರಗೆ ಚೆಲ್ಲದೆ ಬೆನ್ನ ಹಿಂದೆಯೇ ಗಟ್ಟಿಯಾಗಿ ತುರುಕುತ್ತ ಹೋಗುವುದರಿಂದ ಸುಳಿವೇ ಸಿಗುವುದಿಲ್ಲ. ಕಾಂಡದ ಮೇಲೆ ಉಬ್ಬಿದ ಗೆರೆ ಕಾಣಬೇಕು, ಎಲೆ ಹಳದಿಯಾಗಿ ಜೋಲಬೇಕು. ಅಷ್ಟು ಹೊತ್ತಿಗೆ ಒಳಗೆ ಸುರಂಗ ಹರಡಿರುತ್ತದೆ.

ಇದರ ಹಾವಳಿ ಹೊಸದಲ್ಲ. 1860ರ ದಶಕದಲ್ಲಿ ಕೊಡಗು, ಮೈಸೂರಿನ ತೋಟಗಳನ್ನು ಬೋರರ್ ಹಾಳುಗೆಡವಿದಾಗ, ಮದರಾಸು ಸರ್ಕಾರ ಜಾರ್ಜ್ ಬಿಡೀ ಎಂಬ ವೈದ್ಯರಿಗೆ ತನಿಖೆ ವಹಿಸಿತು. ಅವರ ವರದಿ 1869ರಲ್ಲಿ ಅಚ್ಚಾಯಿತು. ಕಾಡು ಕಡಿದು ಬಯಲಲ್ಲಿ ಕಾಫಿ ಬೆಳೆಸುವ ಹುಮ್ಮಸ್ಸಿನ ಕಾಲ ಅದು. ಬಿಡೀ ಒತ್ತಿ ಹೇಳಿದ ಮಾತು, ಗಿಡಕ್ಕೆ ನೆರಳು ಕೊಡಿ ಎಂಬುದು. ಬಿಸಿಲು ಈ ದುಂಬಿಗೆ ಪ್ರಿಯ, ನೆರಳು ಆಗದು. ಒಂದೂವರೆ ಶತಮಾನ ಕಳೆದರೂ ಆ ಸಲಹೆ ಹಳತಾಗಿಲ್ಲ.

ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ನಡೆದಿದೆ. ಗಂಡು ದುಂಬಿ ಹೊಮ್ಮಿಸುವ ವಾಸನೆಯನ್ನೇ ತಯಾರಿಸಿ ಹೆಣ್ಣನ್ನು ಸೆಳೆಯುವ ಬಲೆಗಳೂ ಬಂದಿವೆ. ಆದರೂ ತೋಟದಲ್ಲಿ ನಂಬಿಕೆಯ ಕೆಲಸ ಹಳೆಯದೇ: ದುಂಬಿ ಹಾರುವ ಮೊದಲೇ ಸಾಲುಸಾಲಾಗಿ ಟ್ರೇಸಿಂಗ್ ಮಾಡುವುದು, ಅಂದರೆ ಹುಳ ಬಿದ್ದ ಗಿಡ ಹುಡುಕುವುದು, ಅಂಥವನ್ನು ಕಿತ್ತು ಸುಡುವುದು, ಒರಟು ತೊಗಟೆ ಉಜ್ಜಿ ಮೊಟ್ಟೆಗೆ ಬಿರುಕು ಸಿಗದಂತೆ ನೋಡಿಕೊಳ್ಳುವುದು. ಎಷ್ಟೋ ಬೆಳೆಗಾರರು ಇದಕ್ಕೆ ಬೇಸತ್ತು, ಹುಳ ಹೆಚ್ಚು ಕಾಡುವ ಅರೇಬಿಕಾ ಬಿಟ್ಟು ಬೋರರ್ ಅಷ್ಟಾಗಿ ತಾಗದ ರೋಬಸ್ಟಾ ಹಾಕಿದ್ದಾರೆ. ಇಂದು ದೇಶದ ಕಾಫಿಯಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ರೋಬಸ್ಟಾ. ಅವರನ್ನು ದೂರುವ ಹಕ್ಕು ನಮಗಿಲ್ಲ. ಆದರೆ ಅರೇಬಿಕಾದ ಘಮ ಕಡಿಮೆಯಾಗುವುದು ನನಗೆ ನಿಜಕ್ಕೂ ಸಂಕಟದ ಸಂಗತಿ.

ಅರೇಬಿಕಾ ತೋಟವಿರುವವರಲ್ಲಿ ಒಂದು ಮಾತು. ನೆರಳಿನ ಮರಗಳ ಕೊಂಬೆ ಸವರಿಸುವ ಮರಗಸಿ ಮಾಡಿಸುವಾಗ, ಮರ ಮಾರುವಾಗ, ಕೆಳಗಿನ ಗಿಡದ ಕಾಂಡಕ್ಕೆ ನೇರ ಬಿಸಿಲು ಬೀಳುತ್ತದೆಯೇ ಎಂದು ಮೊದಲು ನೋಡಿ. ಹಾಲುವಾಣವಿರಲಿ, ಹಲಸಿರಲಿ, ಅತ್ತಿಯಿರಲಿ, ತೋಟದ ನೆರಳು ಉಳಿಸಿಕೊಳ್ಳಿ. ಬೋರರಿಗೆ ಅದಕ್ಕಿಂತ ಅಗ್ಗದ ಮದ್ದು ಇನ್ನೊಂದಿಲ್ಲ.