ಜೂನ್ ಒಂದರ ಮಕ್ಕಳು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಂದಾಯದ ಲೆಕ್ಕದಲ್ಲಿ ತುಮಕೂರು ಜಿಲ್ಲೆಯ ತಾಲ್ಲೂಕುಗಳು. ಶಾಲೆಯ ಲೆಕ್ಕಕ್ಕೆ ಬಂದರೆ ಈ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಈ ಸೀಮೆಯ ಹಿರಿಯರನ್ನು ಹುಟ್ಟಿದ ದಿನ ಕೇಳಿ ನೋಡಿ, ಜೂನ್ 1 ಎನ್ನುವವರು ಒಬ್ಬರ ಹಿಂದೊಬ್ಬರು ಸಿಗುತ್ತಾರೆ.

ಅದು ಮೇಷ್ಟ್ರು ಕೊಟ್ಟ ಹುಟ್ಟುಹಬ್ಬ. "ಕಡ್ಲೆಕಾಯಿ ಕೀಳೋ ಕಾಲ ಸ್ವಾಮಿ, ಅವತ್ತು ಶನಿವಾರ" ಎಂದಷ್ಟೇ ತಾಯಿಗೆ ನೆನಪು. ಶಾಲೆಗೆ ಸೇರಲು ಜೂನ್ ಒಂದಕ್ಕೆ ವಯಸ್ಸು ತುಂಬಿರಬೇಕು. ಮಗುವಿನ ಒಂದು ವರ್ಷ ಹಾಳಾಗಬಾರದೆಂದು ಮೇಷ್ಟ್ರು ಅದೇ ತಾರೀಖು ಬರೆದರು. ಎಷ್ಟೋ ಬಡಮಕ್ಕಳಿಗೆ ಅಕ್ಷರದ ಬಾಗಿಲು ತೆರೆದ ಆ ಬರಹದ ಬಗ್ಗೆ ನನಗೆ ಗೌರವವಿದೆ.

ಈಗಿನ ಮಕ್ಕಳ ಕೈಯಲ್ಲಿ ಜನನ ಪ್ರಮಾಣಪತ್ರವಿದೆ, ದಿನಾಂಕಗಳು ನಿಜವಾದವು. ಆದರೂ ತರಗತಿಯಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವುದು ಅಪರೂಪವಲ್ಲ. 23 ಮಕ್ಕಳಿದ್ದರೆ ಸಾಕು, ಸಂಭವನೀಯತೆ ಅರ್ಧ ದಾಟಿ ಶೇ. 50.7 ಆಗುತ್ತದೆ. 40 ಮಕ್ಕಳಿಗೆ ಶೇ. 89, 57ಕ್ಕೆ ಶೇ. 99.

ನಂಬಲು ಕಷ್ಟ, ಏಕೆಂದರೆ ಪ್ರತಿಯೊಬ್ಬರೂ ಹುಡುಕುವುದು ತಮ್ಮ ದಿನವನ್ನೇ. ನನ್ನದೇ ದಿನ ಹುಟ್ಟಿದವರು ಸಿಗುವ ಅರ್ಧದಷ್ಟು ಸಾಧ್ಯತೆಗೆ 253 ಜನ ಬೇಕು. ಆದರೆ 23 ಮಕ್ಕಳಲ್ಲಿ ಯಾರಾದರೂ ಇಬ್ಬರೆಂದರೆ ಜೋಡಿಗಳೇ 253! ಲೆಕ್ಕವೂ ಸರಳ. ಎರಡನೆಯ ಮಗು ಮೊದಲನೆಯದರ ದಿನ ತಪ್ಪಿಸಿಕೊಳ್ಳಲು 365ರಲ್ಲಿ 364 ದಿನಗಳಿವೆ, ಮೂರನೆಯದಕ್ಕೆ 363. ಈ ಭಿನ್ನರಾಶಿಗಳನ್ನು ಗುಣಿಸುತ್ತ ಹೋದರೆ 23ನೆಯ ಮಗುವಿನ ಹೊತ್ತಿಗೆ, ಯಾರ ದಿನವೂ ಕೂಡದಿರುವ ಸಾಧ್ಯತೆ ಅರ್ಧಕ್ಕಿಂತ ಕೆಳಗಿಳಿದಿರುತ್ತದೆ. ಇದು ಎಲ್ಲ ದಿನಗಳೂ ಸಮವೆಂದು ಹಿಡಿದ ಲೆಕ್ಕ. ಕೆಲವು ದಿನಗಳಲ್ಲಿ ಜನನ ಹೆಚ್ಚಿದ್ದರೆ ದಿನಗಳು ಕೂಡುವ ಸಾಧ್ಯತೆ ಏರುತ್ತದೆಯೇ ಹೊರತು ಇಳಿಯದು. ಹಳೆಯ ದಾಖಲಾತಿ ಪುಸ್ತಕವೇ ಅದಕ್ಕೆ ಸಾಕ್ಷಿ.

ಹತ್ತನೇ ತರಗತಿಯ ಗಣಿತದಲ್ಲಿ ಸಂಭವನೀಯತೆಯ ಪಾಠವಿದೆ. ನಾಣ್ಯ, ದಾಳ, ಇಸ್ಪೀಟಿನಲ್ಲೇ ಅದು ಮುಗಿದುಹೋಗಬಾರದು. ಈ ನಾಲ್ಕು ತಾಲ್ಲೂಕುಗಳ ಗಣಿತ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ: ಆ ಪಾಠದ ದಿನ ಮಕ್ಕಳ ಹುಟ್ಟಿದ ದಿನಾಂಕಗಳನ್ನು ಬೋರ್ಡಿನ ಮೇಲೆ ಬರೆಸಿ. ಜೋಡಿ ಸಿಕ್ಕರೆ ಇಬ್ಬರಿಗೂ ಚಪ್ಪಾಳೆ ತಟ್ಟಿಸಿ. ಸಿಗದಿದ್ದರೆ ಪಕ್ಕದ ತರಗತಿಯಲ್ಲೂ ನೋಡಿ. ನಲವತ್ತು ಮಕ್ಕಳ ನೂರು ತರಗತಿಗಳಲ್ಲಿ ಸುಮಾರು ಹನ್ನೊಂದರಲ್ಲಿ ಜೋಡಿ ಸಿಗದಿರುವುದೂ ಗಣಿತವೇ ಎಂದು ಹೇಳಿಕೊಡಿ.