ಹಾರ್ನ್ ಮೈಕಿನ ಕಾಲದ ಗಾಯಕರು

ಭದ್ರಾವತಿಯಲ್ಲಿ ಒಂದು ಕಾಲಕ್ಕೆ ಸುಗಮ ಸಂಗೀತಕ್ಕೆ ದುಡ್ಡು ಹುಟ್ಟುತ್ತಿದ್ದುದು ಕಬ್ಬಿಣದಿಂದ, ಕಾಗದದಿಂದ. ಗಣಪತಿ ಕೂರಿಸಿದಾಗ, ರಾಜ್ಯೋತ್ಸವ ಬಂದಾಗ ಕಬ್ಬಿಣದ ಕಾರ್ಖಾನೆ ವಿಐಎಸ್‌ಎಲ್, ಕಾಗದದ ಕಾರ್ಖಾನೆ ಎಂಪಿಎಂಗಳ ನೌಕರರು ಸಂಬಳದ ದಿನ ನೋಡಿಕೊಂಡು ಚಂದಾ ಎತ್ತುತ್ತಿದ್ದರು. ಚಂದಾ ಚೆನ್ನಾಗಿ ಕೂಡಿದರೆ ಬೆಂಗಳೂರಿನ ಗಾಯಕರು, ಇಲ್ಲದಿದ್ದರೆ ಊರಿನದೇ ಆರ್ಕೆಸ್ಟ್ರಾ. ನ್ಯೂಟೌನ್‌ನಲ್ಲಿ ಷಾಮಿಯಾನ, ಜಮಖಾನ, ಕಂಬಕ್ಕೆ ಕಟ್ಟಿದ ಹಾರ್ನ್ ಮೈಕು. ಸೆಕೆಂಡ್ ಶಿಫ್ಟ್ ಮುಗಿಸಿದವರು ಸೈಕಲ್ ಹಿಡಿದುಕೊಂಡೇ ಹಿಂದೆ ನಿಂತು ಕೊನೆಯ ಎರಡು ಹಾಡು ಕೇಳಿ ಹೋಗುತ್ತಿದ್ದರು.

ಆ ಕಛೇರಿಗಳನ್ನು ಈಗ ಹೊಗಳುವವರು ಬಹಳ. ಆದರೆ ಅಲ್ಲಿ ನಮ್ಮ ಕಿವಿಗೆ ಬಿದ್ದದ್ದು ಅರ್ಧ ಸಂಗೀತ ಮಾತ್ರ. ಹಾರ್ನ್ ಮೈಕಿಗೆ ಮಂದ್ರವೇ ಗೊತ್ತಿಲ್ಲ. ತಬಲಾದ ಎಡಗೈ ಕೇಳದು, ಕೊಳಲು ಸೀಟಿಯಾಗುತ್ತದೆ. ಮೈಸೂರು ಅನಂತಸ್ವಾಮಿಯವರ ಮೆತ್ತನೆಯ ದನಿಗೆ ಅದರಲ್ಲಿ ನ್ಯಾಯ ಸಿಗುವಂತಿರಲಿಲ್ಲ. ಗೆಲ್ಲುತ್ತಿದ್ದುದು ತಾರಸ್ಥಾಯಿಯವರು: ಸಿ. ಅಶ್ವಥ್, ಅವರಿಗಿಂತ ಮಿಗಿಲಾಗಿ ನಮ್ಮ ಜಿಲ್ಲೆಯವರೇ ಆದ ಶಿವಮೊಗ್ಗ ಸುಬ್ಬಣ್ಣ.

ಸುಬ್ಬಣ್ಣ 1938ರಲ್ಲಿ ನಗರ ಎಂಬ ಊರಿನಲ್ಲಿ ಹುಟ್ಟಿದವರು, ವೃತ್ತಿಯಿಂದ ವಕೀಲರು. ಕಂಬಾರರ ‘ಕಾಡು ಕುದುರೆ’ ಚಿತ್ರದ ಹಾಡಿಗೆ 1978ರ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. ಹಿನ್ನೆಲೆ ಗಾಯನಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಅವರೇ. ಆಮೇಲೆ ಅವರು ಯಾವ ವೇದಿಕೆ ಹತ್ತಿದರೂ ಅದೇ ಹಾಡಿಗೆ ಚೀಟಿ ಬರುವುದು ತಪ್ಪಲಿಲ್ಲ. ಮೊದಲ ಸಾಲನ್ನೇ ಮೇಲಿನಿಂದ ಎತ್ತಿಕೊಳ್ಳುವ ಹಾಡು ಅದು. ದನಿ ಬಿಸಿಯಾಗಲಿ ಎಂದು ಕಾಯುವುದಕ್ಕೆ ಅಲ್ಲಿ ಜಾಗವಿಲ್ಲ.

ಅದೇ 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು, ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್. ಪದ್ಯ ಬರೆದ ನಿಸಾರ್ ಅಹಮದ್ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಹೇಳಿಕೊಟ್ಟವರು. ರಾಗ ಹಾಕಿದವರು ಅನಂತಸ್ವಾಮಿ. ಭದ್ರಾವತಿ ಆಕಾಶವಾಣಿ ಹಾಕಿದಾಗಷ್ಟೇ ಸಿಗುತ್ತಿದ್ದ ಭಾವಗೀತೆ ಬೇಕೆಂದಾಗ ಸಿಗತೊಡಗಿತು. ಕ್ಯಾಸೆಟ್ಟಿನಿಂದ ಲಾಭವಾಯಿತು, ಒಂದು ತೊಂದರೆಯೂ ಆಯಿತು. ಜನ ಹಾಡನ್ನು ಬಾಯಿಪಾಠ ಮಾಡಿಕೊಂಡು ಬರತೊಡಗಿದರು. ವೇದಿಕೆಯಲ್ಲಿ ಗಾಯಕರು ಒಂದು ಸಾಲನ್ನು ಬೇರೆ ಥರ ತಿರುಗಿಸಿದರೆ, “ಕ್ಯಾಸೆಟ್ಟಿನಲ್ಲಿ ಹಿಂಗಿಲ್ವಲ್ಲ ಮಾರಾಯ” ಎಂಬ ಗೊಣಗಾಟ ಪಕ್ಕದಲ್ಲೇ ಕೇಳುತ್ತಿತ್ತು.

ಈಗ ಆ ಗಾಯಕರೆಲ್ಲ ಟಿವಿ ಪರದೆಯ ಮೇಲಿದ್ದಾರೆ. ಹಳೆಯ ದೂರದರ್ಶನದ ತುಣುಕು, ಯಾರೋ ವಿಎಚ್‌ಎಸ್ ಟೇಪಿನಿಂದ ಇಳಿಸಿ ಯೂಟ್ಯೂಬಿಗೆ ಏರಿಸಿದ್ದು. ಗಾಯಕರ ಎದೆಯ ಮೇಲೇ ಏರಿಸಿದವರ ಚಾನೆಲ್ ಹೆಸರು. ಇರಲಿ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡರೆ ಅನಂತಸ್ವಾಮಿ ಪದವೊಂದರ ಕೊನೆಯ ಅಕ್ಷರವನ್ನು ಎಷ್ಟು ಹಗುರವಾಗಿ ಕೈಬಿಡುತ್ತಾರೆ ಎಂಬುದು ಸಿಗುತ್ತದೆ. ಅವರು 1995ರಲ್ಲೇ ತೀರಿಕೊಂಡರು. ಅಶ್ವಥ್ ಹಾಡುತ್ತಲೇ ಕೈಯಿಂದ ಪಕ್ಕವಾದ್ಯದವರನ್ನು ಹೇಗೆ ನಡೆಸುತ್ತಾರೆ ಎಂಬುದು ಜಮಖಾನದ ಕೊನೆಯಲ್ಲಿ ಕೂತವರಿಗೆ ಎಂದೂ ಕಾಣುತ್ತಿರಲಿಲ್ಲ, ಇಲ್ಲಿ ಕಾಣುತ್ತದೆ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಅವರ ‘ಕನ್ನಡವೇ ಸತ್ಯ’ ಕಾರ್ಯಕ್ರಮದ ದೃಶ್ಯಗಳೂ ಇವೆ, ಆ ಜನಸಾಗರವನ್ನು ನೋಡುವುದೇ ಒಂದು ಸೊಗಸು, ಹಾಡು ಕೇಳಲು ಮಾತ್ರ ನನಗೆ ಅಶ್ವಥ್ ಹಾರ್ಮೋನಿಯಂ ಮುಂದಿಟ್ಟುಕೊಂಡು ಕೂತ ಸಣ್ಣ ಬೈಠಕ್ಕೇ ವಾಸಿ.

ಒಂದೇ ಹಾಡನ್ನು ಒಬ್ಬರೇ ಬೇರೆ ಬೇರೆ ವಯಸ್ಸಿನಲ್ಲಿ ಹಾಡಿದ್ದನ್ನು ಒಂದರ ಹಿಂದೊಂದು ನೋಡಬಹುದು. ವಯಸ್ಸಾದ ಸುಬ್ಬಣ್ಣ ‘ಕಾಡು ಕುದುರೆ’ಯ ಏರುಗಳಲ್ಲಿ ಉಸಿರು ಕೂಡಿಸಿಕೊಳ್ಳುವುದನ್ನು ಗಮನಿಸಿ. ದನಿ ಮೊದಲಿನದಲ್ಲ, ಆದರೂ ಆ ಏರನ್ನು ಅವರು ತಪ್ಪಿಸಿಕೊಂಡು ಹೋಗುವುದಿಲ್ಲ. 2022ರ ಆಗಸ್ಟ್‌ನಲ್ಲಿ ಅವರು ಹೋದಾಗ ಊರವರು ಹಂಚಿಕೊಂಡದ್ದು ಇಂಥ ತುಣುಕುಗಳನ್ನೇ.

ಕಾರ್ಖಾನೆಗಳ ಕಥೆ ಎಲ್ಲರಿಗೂ ಗೊತ್ತು. ಎಂಪಿಎಂ ನಿಂತಿದೆ, ವಿಐಎಸ್‌ಎಲ್ ಮುಚ್ಚುತ್ತದೆ, ಮುಚ್ಚುವುದಿಲ್ಲ ಎಂಬ ಮಾತಿನಲ್ಲೇ ದಿನ ದೂಡುತ್ತಿದೆ. ಚಂದಾ ಕೊಡುತ್ತಿದ್ದ ಕೈಗಳು ಖಾಲಿಯಾದ ಮೇಲೆ ಕಛೇರಿಗಳು ಸರ್ಕಾರಿ ಉತ್ಸವಕ್ಕೋ ಸನ್ಮಾನ ಸಮಾರಂಭಕ್ಕೋ ಅಂಟಿಕೊಂಡವು. ವಾದ್ಯದವರ ಬದಲು ಟ್ರ್ಯಾಕ್ ಬಂತು. ಗಾಯಕಿಗೆ ಇನ್ನೊಂದು ಕ್ಷಣ ನಿಲ್ಲಬೇಕೆನಿಸಿದರೂ ಟ್ರ್ಯಾಕ್ ಮುಂದೆ ಹೋಗಿಬಿಡುತ್ತದೆ.

ಈಚೆಗೆ ಶಿವಮೊಗ್ಗದ ಒಂದು ಸಭಾಂಗಣದಲ್ಲಿ ಹುಡುಗಿಯೊಬ್ಬಳು ಹಾರ್ಮೋನಿಯಂ, ತಬಲಾ ಎರಡನ್ನೇ ಇಟ್ಟುಕೊಂಡು ಹಾಡಿದಳು. ಒಂದು ಚರಣವನ್ನು ಮನಸ್ಸಿಗೆ ಬಂದಂತೆ ಎರಡು ಸಲ ಬೆಳೆಸಿದಳು. ತಬಲಾದವನು ನಕ್ಕು ಜೊತೆಗೆ ಬಂದ. ಶಾಲು ಹೊದಿಸಿದ ಸಂಘಟಕರು ಮೈಕಿನಲ್ಲೇ ಹೇಳಿದರು: “ಮುಂದಿನ ಸಲ ಟ್ರ್ಯಾಕ್ ತಂದ್ಬಿಡಮ್ಮಾ, ತಬಲಾದವರ ಖರ್ಚು ಉಳಿಯುತ್ತೆ.”