ಏರಿನ ಲೆಕ್ಕ

ಸಿಗ್ನಲ್ ಎಂದರೆ ಹಸಿರು ದೀಪದ ಲೆಕ್ಕ ಎಂದು ಜನ ತಿಳಿದಿದ್ದಾರೆ. ಟೈಮಿಂಗ್ ಕೂರಿಸುವವನಿಗೆ ನಿಜವಾದ ಪರೀಕ್ಷೆ ಎಲ್ಲ ಕಡೆಯೂ ಕೆಂಪು ಉರಿಯುವ ಆ ಕೆಲವು ಸೆಕೆಂಡು. ಹಸಿರು ಸಾಲದಿದ್ದರೆ ಸಾಲು ಬೆಳೆಯುತ್ತದೆ, ನಾಲ್ಕು ಬೈಗುಳ ಬೀಳುತ್ತವೆ. ಕೆಂಪು ಸಾಲದಿದ್ದರೆ ಗಾಡಿಗೆ ಗಾಡಿ ಎದುರಾಗುತ್ತದೆ. ಬೆಂಗಳೂರಿನ ಸರ್ಕಲ್‌ಗಳಲ್ಲಿ ಎರಡು ಮೂರು ಸೆಕೆಂಡಿನಲ್ಲಿ ಮುಗಿದುಹೋಗುವ ಈ ಲೆಕ್ಕವನ್ನು ನಾನು ಮನಸ್ಸಿನಲ್ಲೇ ಮಾಡಿ ಮುಗಿಸುತ್ತಿದ್ದೆ. ಪೆಟ್ಟು ಬಿದ್ದದ್ದು ನೀಲಗಿರಿಯಲ್ಲಿ.

ಕೋತಗಿರಿ ಬಳಿಯ ಕೂಕಲ್ತೊರೈ ಬಡಗರ ಊರು. ಸುತ್ತ ಚಹಾ ತೋಟ, ಕ್ಯಾರೆಟ್, ಆಲೂಗಡ್ಡೆ. ಹಿಂಗಾರು ಮಳೆ ಹಿಡಿದರೆ ಅಲ್ಲಿ ಮಣ್ಣಿಗೆ ನಂಬಿಕೆಯಿಲ್ಲ. 2009ರ ನವೆಂಬರಿನಲ್ಲಿ ಗುಡ್ಡ ಜಾರಿ ನಲವತ್ತಕ್ಕೂ ಹೆಚ್ಚು ಜನ ಸತ್ತ ಜಿಲ್ಲೆ ಅದು. ಅದಾಗಿ ಕೆಲವು ವರ್ಷಗಳ ಮೇಲೆ, ಆ ಕಡೆಯ ಒಂದು ರಸ್ತೆಯ ಅಂಚು ಕುಸಿದು, ಸುಮಾರು ಮುನ್ನೂರು ಮೀಟರ್ ಉದ್ದದ ಏರಿನಲ್ಲಿ ಒಂದೇ ಗಾಡಿ ಹೋಗುವಷ್ಟು ಜಾಗ ಉಳಿದಿತ್ತು. ಎರಡು ತುದಿಗೆ ತಾತ್ಕಾಲಿಕ ಸಿಗ್ನಲ್ ಇಡುವ ಕೆಲಸ ನನ್ನ ಪಾಲಿಗೆ ಬಂತು.

ಲೆಕ್ಕಕ್ಕೆ ಗಂಟೆಗೆ 20 ಕಿಲೋಮೀಟರ್ ವೇಗ ಹಿಡಿದೆ. ಮುನ್ನೂರು ಮೀಟರ್ ದಾಟಲು 54 ಸೆಕೆಂಡು. ಎರಡೂ ಕಡೆ ಕೆಂಪು 60 ಸೆಕೆಂಡು ಇಟ್ಟು, ಆರು ಸೆಕೆಂಡು ಧಾರಾಳವಾಗಿಯೇ ಕೊಟ್ಟೆನೆಂದು ಬೀಗಿದೆ. ಆ 20 ಎಲ್ಲಿಂದ ಬಂತು? ನಾನು ಕೂತು ಬಂದ ಜೀಪಿನಿಂದ. ಮೂಟೆ ತುಂಬಿದ ಲಾರಿ ಅದೇ ಏರನ್ನು ಫಸ್ಟ್ ಗೇರಿನಲ್ಲಿ ಎಂಟರ ವೇಗದಲ್ಲಿ ಹತ್ತುತ್ತದೆ. ಅದಕ್ಕೆ ಬೇಕಾದದ್ದು 135 ಸೆಕೆಂಡು.

ಮೊದಲ ಸಂಜೆಯೇ ಕ್ಯಾರೆಟ್ ಲಾರಿ ಅರ್ಧ ಏರಿನಲ್ಲಿರುವಾಗ ಮೇಲಿನ ತುದಿಗೆ ಹಸಿರು ಬಿತ್ತು. ಬಸ್ಸು ಇಳಿಯಿತು. ಲಾರಿ ಕುಸಿದ ಅಂಚಿನ ಪಕ್ಕದಲ್ಲಿ ನಿಂತಿತು. ಕ್ಲೀನರ್ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಬಸ್ಸಿನ ಹಿಂದೆ ಆಗಲೇ ಸಾಲು. ಅವರೆಲ್ಲ ಒಬ್ಬೊಬ್ಬರಾಗಿ ರಿವರ್ಸ್ ಹೋಗುವಷ್ಟರಲ್ಲಿ ಕತ್ತಲಾಯಿತು. ಯಾರಿಗೂ ಏಟಾಗಲಿಲ್ಲ. ಅದು ನನ್ನ ಜಾಣತನದಿಂದಲ್ಲ.

ಮೊದಲು ಅಲ್ಲಿ ಬಾವುಟ ಹಿಡಿದು ನಿಲ್ಲುತ್ತಿದ್ದ ಹಿರಿಯರೊಬ್ಬರನ್ನು "ಅಣ್ಣಾ, ನೀವು ಹೇಗೆ ಮಾಡುತ್ತಿದ್ದಿರಿ?" ಎಂದು ಕೇಳಿದೆ. "ಕೊನೆಯ ಗಾಡಿಯವನ ಕೈಗೆ ಒಂದು ಕೋಲು ಕೊಡುತ್ತಿದ್ದೆವು ಸಾರ್. ಕೋಲು ಆ ತುದಿಗೆ ಮುಟ್ಟಿದ ಮೇಲೇ ಅಲ್ಲಿನವರು ಬಿಡುತ್ತಿದ್ದರು" ಎಂದರು. ಒಂಟಿ ಹಳಿಯಲ್ಲಿ ರೈಲು ಬಿಡುವ ಟೋಕನ್ ಪದ್ಧತಿಯೂ ಇದೇ. ಗಡಿಯಾರವನ್ನು ನಂಬದೆ, ದಾರಿ ಖಾಲಿಯಾದದ್ದನ್ನೇ ಕೇಳುವ ವಿಧಾನ.

ನಮ್ಮದೋ ಗಡಿಯಾರದ ಲೆಕ್ಕ. 1958ರಲ್ಲಿ ಬ್ರಿಟನ್ನಿನ ವೆಬ್‌ಸ್ಟರ್ ಕೊಟ್ಟ ಸೂತ್ರವನ್ನು ನಾವು ಇವತ್ತಿಗೂ ಬಳಸುತ್ತೇವೆ. ಸಿಗ್ನಲ್ಲಿನ ಒಂದು ಸುತ್ತು ಎಷ್ಟು ಸೆಕೆಂಡು ಇರಬೇಕೆಂದು ಅದು ಹೇಳುತ್ತದೆ. ಆದರೆ ಯಾವ ಗಾಡಿಯೂ ಚಲಿಸದೆ ಪೋಲಾಗುವ ಸಮಯವನ್ನು ನಾವೇ ಅಳೆದು ಅದಕ್ಕೆ ಉಣಿಸಬೇಕು. ಅಳೆಯದವನಿಗೂ ಸೂತ್ರ ಉತ್ತರ ಕೊಡುತ್ತದೆ. ಅದೇ ಅದರ ಅಪಾಯ. ಕೆಂಪನ್ನು ಎರಡು ಕಡೆಗೂ 140ಕ್ಕೆ ಏರಿಸಿದ್ದರೆ ಒಂದು ಸುತ್ತಿನಲ್ಲಿ 280 ಸೆಕೆಂಡು ಎರಡೂ ಕಡೆ ಕೆಂಪೇ ಇರುತ್ತಿತ್ತು, ಕಾದು ಬೇಸತ್ತವರು ಕೆಂಪಿನಲ್ಲೇ ನುಗ್ಗುತ್ತಿದ್ದರು. ಹಾಗಾಗಿ ಇಳಿಯುವವರಿಗೆ ಹಸಿರು ಬೀಳುವ ಮುನ್ನ ಮಾತ್ರ ಉದ್ದ ಕೆಂಪು ಉಳಿಸಿ, ಹಗಲಿಗೆ ಕೋಲನ್ನೇ ಮರಳಿ ತಂದೆವು. ರಾತ್ರಿ ಗಾಡಿ ಕಮ್ಮಿ, ದೀಪ ಸಾಕಾಯಿತು.

ಘಟ್ಟದ ರಸ್ತೆಗೆ ಕಾರು ತರುವವರಿಗೆ ಒಂದು ಮಾತು. ಇಕ್ಕಟ್ಟಿನಲ್ಲಿ ಏರುವ ಗಾಡಿಗೆ ಮೊದಲ ಹಕ್ಕು; ಇಳಿಯುವವರು ನಿಂತು ದಾರಿ ಬಿಡಬೇಕೆಂಬುದು ನಮ್ಮ ದೇಶದ ರಸ್ತೆ ನಿಯಮದಲ್ಲೇ ಇದೆ. ಮೇಲಿನಿಂದ ಬರುವಾಗ ಕೆಳಗೆ ಲಾರಿಯ ಸದ್ದು ಕೇಳಿದರೆ, ಹಸಿರು ಇದ್ದರೂ ಸರಿ, ಅಗಲವಾದ ಜಾಗದಲ್ಲಿ ನಿಲ್ಲಿಸಿಕೊಳ್ಳಿ.